ಸಹಾಯ ಬೇಕು: ಆಡ್-ಆನ್ ಎಲ್ಲಾ ಆಫ್ ಮಾಡಿದರೂ ಡ್ರಾಪ್‌ಡೌನ್ ಖಾಲಿ, ಟ್ರಬಲ್‌ಶೂಟ್ ಮೋಡ್‌ನಲ್ಲಿ ಮಾತ್ರ ಸರಿ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್‌ನಲ್ಲಿ ಫೈರ್‌ಫಾಕ್ಸ್ ಬಳಸುತ್ತೇನೆ. ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಪೂರ್ತಿ ರೂಪದಲ್ಲಿ ಇಲ್ಲಿ ಇನ್ನೂ ಓಡುತ್ತದೆ, ಕ್ರೋಮ್‌ನಲ್ಲಿ ಆಡ್-ಆನ್‌ಗಳಿಗೆ ಮ್ಯಾನಿಫೆಸ್ಟ್ ವಿ3 ಅನ್ನೋ ಹೊಸ ನಿಯಮ ಬಂದ ಮೇಲೆ ಲೈಟ್ ಆವೃತ್ತಿಯೇ ಗತಿ, ಹಾಗಾಗಿ ಬಿಟ್ಟು ಹೋಗೋ ಮನಸ್ಸಿಲ್ಲ. ಜೊತೆಗೆ ಡಾರ್ಕ್ ರೀಡರ್, ಬಿಟ್‌ವಾರ್ಡನ್, ಟ್ಯಾಂಪರ್‌ಮಂಕಿ ಆಡ್-ಆನ್‌ಗಳೂ ಇವೆ.

ದಿನಾ ಬಳಸುವ ಒಂದು ಸೈಟ್‌ನ ಫಾರ್ಮ್‌ನಲ್ಲಿ ಡ್ರಾಪ್‌ಡೌನ್ ಒತ್ತಿದರೆ ಬಿಳಿ ಪೆಟ್ಟಿಗೆ ಬರುತ್ತದೆ, ಒಳಗೆ ಅಕ್ಷರವೇ ಇಲ್ಲ. ಬಾಣದ ಕೀಲಿ ಒತ್ತಿ ಎಂಟರ್ ಕೊಟ್ಟರೆ ಆಯ್ಕೆ ಮಾತ್ರ ಆಗುತ್ತದೆ! ಅಂದರೆ ಪಟ್ಟಿ ಇದೆ, ಕಾಣಿಸ್ತಿಲ್ಲ ಅಷ್ಟೇ.

ಕ್ಯಾಶೆ, ಕುಕೀ ಅಳಿಸಿದೆ. ವಿಳಾಸದ ಪಕ್ಕದ ಗುರಾಣಿ ಚಿಹ್ನೆ ಒತ್ತಿ ಟ್ರ್ಯಾಕಿಂಗ್ ರಕ್ಷಣೆ ತೆಗೆದೆ. ಆಡ್-ಆನ್‌ಗಳನ್ನು ಒಂದೊಂದಾಗಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿ ಬ್ರೌಸರ್ ಮತ್ತೆ ತೆರೆದೆ. ಏನೂ ಬದಲಾಗಲಿಲ್ಲ. ಹೊಸ ಪ್ರೊಫೈಲ್ (ನಮ್ಮ ಸೆಟ್ಟಿಂಗ್, ಆಡ್-ಆನ್ ಎಲ್ಲಾ ಇರುವ ಫೋಲ್ಡರ್) ಮಾಡಿದರೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಸೈಟ್‌ದಾಗಲಿ ಬ್ರೌಸರ್‌ದಾಗಲಿ ತಪ್ಪಲ್ಲ, ನನ್ನ ಪ್ರೊಫೈಲ್‌ನಲ್ಲೇ ಏನೋ ಕೂತಿದೆ.

ತಲೆ ಕೆಡ್ತಿರೋದು ಇಲ್ಲಿ. ತೊಂದರೆ ಹುಡುಕಲೆಂದೇ ಫೈರ್‌ಫಾಕ್ಸ್‌ನಲ್ಲಿರುವ ಟ್ರಬಲ್‌ಶೂಟ್ ಮೋಡ್‌ನಲ್ಲಿ ಎಲ್ಲಾ ಸರಿ. ಆ ಮೋಡ್ ಆಡ್-ಆನ್ ಅಷ್ಟೇ ಅಲ್ಲ, ಥೀಮ್, ಹಾರ್ಡ್‌ವೇರ್ ಆಕ್ಸಲರೇಷನ್ (ಪುಟ ತೋರಿಸಲು ಗ್ರಾಫಿಕ್ಸ್ ಚಿಪ್ ಬಳಸೋದು) ಕೂಡ ನಿಲ್ಲಿಸುತ್ತದೆ ಅಲ್ವಾ? ಫೈರ್‌ಫಾಕ್ಸ್ ಜೊತೆಗೇ ಬರುವ ಥೀಮ್ ಹಾಕಿ ನೋಡಿದೆ, ಆಕ್ಸಲರೇಷನ್ ಕೂಡ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದೆ, ಆದರೂ ಅದೇ ಬಿಳಿ ಪೆಟ್ಟಿಗೆ. ಬ್ರೌಸರ್ ಅನ್ನು ಹೊಸದರಂತೆ ಮಾಡುವ ರಿಫ್ರೆಶ್ ಫೈರ್‌ಫಾಕ್ಸ್ ಒತ್ತಬಹುದು, ಆದರೆ ಆಡ್-ಆನ್‌ಗಳೂ ಅವುಗಳ ಸೆಟ್ಟಿಂಗೂ ಹೋಗ್ತವೆ, ಯೂಬ್ಲಾಕ್‌ನಲ್ಲಿ ನಾನೇ ಬರೆದ ಫಿಲ್ಟರ್‌ಗಳು ತುಂಬಾ ಇವೆ.

ಉಳಿದಿರೋದು ಯೂಸರ್‌ಕ್ರೋಮ್ ಫೈಲ್ (ಬ್ರೌಸರ್‌ನ ನೋಟ ಬದಲಿಸೋದು) ಮತ್ತು ಅಬೌಟ್-ಕಾನ್ಫಿಗ್ (ಒಳಗಿನ ಸೆಟ್ಟಿಂಗ್‌ಗಳ ಪುಟ) ನಲ್ಲಿ ಬದಲಾದ ಸಾಲುಗಳು. ಇವೆರಡರಲ್ಲಿ ಮೊದಲು ಯಾವುದನ್ನು ನೋಡಲಿ? ಕಾನ್ಫಿಗ್ ಆದರೆ, ಡ್ರಾಪ್‌ಡೌನ್‌ಗೆ ಸಂಬಂಧಪಟ್ಟ ಸಾಲು ಯಾವುದು ಅಂತ ಗೊತ್ತಿದ್ದವರು ಹೇಳ್ತೀರಾ?