ಅಪ್‌ಡೇಟ್: ಗ್ಲೋಬಲ್ ವೇರಿಯಬಲ್‌ಗಳ ಗೋಜಲು ಬಿಡಿಸಿದ್ದು ಹೀಗೆ

ನಮ್ಮ ದೊಡ್ಡ ಸಿ ಕೋಡ್‌ನಲ್ಲಿ ಎಲ್ಲೆಂದರಲ್ಲಿ ಇರುವ ಗ್ಲೋಬಲ್ ವೇರಿಯಬಲ್‌ಗಳನ್ನೆಲ್ಲ (ಪ್ರೋಗ್ರಾಂನ ಯಾವ ಭಾಗವಾದರೂ ಬಳಸಬಹುದಾದವು) ಒಂದೇ ಹೆಡರ್ ಫೈಲ್‌ಗೆ (ಬೇರೆ ಫೈಲ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಫೈಲ್) ತರಬಹುದಾ ಎಂದು ಕೇಳಿದ್ದೆ. ಬೇಡ ಎಂದವರಿಗೆ ತುಂಬಾ ಥ್ಯಾಂಕ್ಸ್. ಹಾಗೆ ಮಾಡಿದರೆ ಹೆಡರ್‌ನಲ್ಲಿ ಒಂದು ಸಾಲು ಬದಲಾದರೂ ಅದನ್ನು ಸೇರಿಸಿಕೊಂಡ ಫೈಲ್‌ಗಳೆಲ್ಲ ಮತ್ತೆ ಕಂಪೈಲ್ ಆಗಬೇಕು, ಅಲ್ವಾ.

ಮೊದಲು ಯಾವುದನ್ನು ಯಾವ ಫೈಲ್ ಬಳಸುತ್ತದೆ ಎಂದು ಹುಡುಕಿದೆವು. ಜಾಸ್ತಿ ವೇರಿಯಬಲ್‌ಗಳು ಒಂದೇ ಫೈಲ್‌ನೊಳಗೆ ಬಳಕೆಯಲ್ಲಿದ್ದವು. ಅವಕ್ಕೆ ಸ್ಟ್ಯಾಟಿಕ್ (ಬೇರೆ ಫೈಲ್‌ಗಳಿಂದ ಮರೆಮಾಡುವ ಪದ) ಸೇರಿಸಿದ್ದೇ ಸಾಕಾಯಿತು. ಎಂದೂ ಬದಲಾಗದವಕ್ಕೆ ಕಾನ್‌ಸ್ಟ್ (ಬೆಲೆ ಬದಲಿಸಲು ಬಿಡದ ಪದ).

ಕಷ್ಟವಾದದ್ದು ಉಳಿದವು. ಒಂದೊಂದು ಮಾಡ್ಯೂಲ್‌ಗೆ (ಕೋಡ್‌ನ ಒಂದು ಭಾಗ) ಒಂದೊಂದು ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಒಂದು ಗುಂಪು) ಮಾಡಿ, ಅದರ ಪಾಯಿಂಟರ್ (ಮೆಮೊರಿಯಲ್ಲಿ ಅದರ ವಿಳಾಸ) ಅನ್ನು ಫಂಕ್ಷನ್‌ಗಳಿಗೆ ಕೊಡುತ್ತಿದ್ದೇವೆ. ಫಂಕ್ಷನ್ ಏನನ್ನು ಮುಟ್ಟಬಹುದು ಎಂಬುದು ಈಗ ಅದರ ಮೊದಲ ಸಾಲಲ್ಲೇ ಗೊತ್ತಾಗುತ್ತದೆ. ನನಗೆ ತುಂಬಾ ಖುಷಿ ಕೊಟ್ಟದ್ದು ಟೆಸ್ಟ್‌ಗಳು: ಪ್ರತಿ ಟೆಸ್ಟ್‌ಗೂ ಅದರದೇ ಹೊಸ ಸ್ಟ್ರಕ್ಟ್, ಹಾಗಾಗಿ ಯಾವ ಕ್ರಮದಲ್ಲಿ ಓಡಿಸಿದರೂ ಫಲಿತಾಂಶ ಒಂದೇ.

ಲಾಗಿಂಗ್ ಮಟ್ಟವನ್ನು (ಪ್ರೋಗ್ರಾಂ ಎಷ್ಟು ವಿವರ ದಾಖಲಿಸಬೇಕು ಎಂಬುದು) ಮಾತ್ರ ಗ್ಲೋಬಲ್ ಆಗಿಯೇ ಬಿಟ್ಟೆವು. ಹೆಡರ್‌ನಲ್ಲಿ ಎಕ್ಸ್‌ಟರ್ನ್ ಘೋಷಣೆ (ಇದು ಬೇರೆಡೆ ಇದೆ ಎಂದು ಹೇಳುವುದು), ಒಂದೇ ಒಂದು ಸಿ ಫೈಲ್‌ನಲ್ಲಿ ಅದರ ಡೆಫಿನಿಷನ್. ಅದನ್ನೂ ಎಲ್ಲೆಡೆ ದಾಟಿಸುತ್ತಾ ಹೋಗುವುದು ಸುಮ್ನೆ ಶ್ರಮ.

ಸ್ಟ್ರಕ್ಟ್‌ಗೆ ಹಾಕಿದ ಮಾತ್ರಕ್ಕೆ ಥ್ರೆಡ್‌ಗಳ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸಗಳು) ತೊಂದರೆ ತಪ್ಪುವುದಿಲ್ಲ. ಹಲವು ಥ್ರೆಡ್‌ಗಳು ಹಂಚಿಕೊಳ್ಳುವ ಸ್ಟ್ರಕ್ಟ್‌ಗಳಿಗೆ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ತಡೆ) ಹಾಕುವ ಕೆಲಸ ಇನ್ನೂ ನಡೆಯುತ್ತಿದೆ.