ದೋಣಿ ಟ್ರೇಲರ್‌ನ ಬಲಗಡೆಯ ಚಕ್ರ ಮಾತ್ರ ಕಾದು ಹೊಗೆ ಬರುತ್ತಿದೆ, ದಯವಿಟ್ಟು ಸಹಾಯ ಮಾಡಿ

ಪಿಯರ್‌ಲ್ಯಾಂಡ್_ಗಾಳ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಈ ಟ್ರೇಲರ್ ನನ್ನನ್ನು ಹುರಿದು ಮುಕ್ಕುತ್ತಿದೆ, ಇನ್ನು ನನ್ನೊಬ್ಬನಿಂದ ಆಗದು ಎನ್ನಿಸಿ ಬರೆಯುತ್ತಿದ್ದೇನೆ. ನಿನ್ನೆ ಬೆಳಗಿನ ಜಾವ ಮನೆಯಿಂದ ಹೊರಟು ಹ್ಯೂಸ್ಟನ್ ಕಡೆಯ ಐ-45 ಹೆದ್ದಾರಿಯಲ್ಲಿ ಲೀಗ್ ಸಿಟಿ ಎಂಬ ಊರು ದಾಟುವಷ್ಟರಲ್ಲಿ ಪಕ್ಕದ ಸಾಲಿನ ಲಾರಿಯವನು ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದ. ನಿಲ್ಲಿಸಿ ನೋಡಿದರೆ ಟ್ರೇಲರ್‌ನ ಬಲಗಡೆಯ ಚಕ್ರದಿಂದ ಸಣ್ಣಗೆ ಹೊಗೆ ಏಳುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು, ಚಕ್ರದ ಹತ್ತಿರ ಕೈ ಒಯ್ಯುವುದಕ್ಕೂ ಆಗಲಿಲ್ಲ. ಎಡಗಡೆಯದು ಮಾತ್ರ ಏನೂ ಆಗಿಲ್ಲವೆಂಬಂತೆ ತಣ್ಣಗೆ ನಿಂತಿತ್ತು. ವಾಪಸು ಬರುವಾಗಲೂ ಇದೇ ಕಥೆ. ಇದು ಎಲ್ಲರ ಬಳಿಯೂ ಇರುವಂಥ ಸಾಮಾನ್ಯ ಟ್ರೇಲರ್, ಟೈರ್ ಹೊಸದರಂತಿವೆ, ಎಲ್ಲವೂ ಸರಿಯಾಗಿಯೇ ಇತ್ತು. ಕಾರಣವೇನಿರಬಹುದು?

ಗ್ರೀಸ್‌ಡಬ್ಬಿ, ಭಾನುವಾರ ರಾತ್ರಿ

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ, ನೂರಕ್ಕೆ ನೂರು ಬೇರಿಂಗ್ ಹೋಗಿದೆ. ನಮ್ಮ ಊರಿನಲ್ಲಿ ಕೀಲೆಣ್ಣೆ ಹಾಕದೆ ಗಾಡಿ ಹೂಡುವ ರೈತನನ್ನು ನಾನು ನೋಡಿಲ್ಲ, ಆದರೆ ಇಲ್ಲಿ ಸಾವಿರಾರು ಡಾಲರಿನ ದೋಣಿ ಇಟ್ಟುಕೊಂಡವರು ಹತ್ತು ಡಾಲರಿನ ಗ್ರೀಸ್ ಹಾಕುವುದಿಲ್ಲ. ಚಕ್ರದ ನಡುವಿನ ಹಬ್ ಬಿಚ್ಚಿ, ಒಳಗಿನ ಮತ್ತು ಹೊರಗಿನ ಬೇರಿಂಗ್‌ಗಳನ್ನೂ ಹಿಂದಿನ ಸೀಲನ್ನೂ ಬದಲಿಸಿ. ಮುಗಿಯಿತು.

ಕಾನ್ರೋ_ತೆಪ್ಪ, ಸೋಮವಾರ ಬೆಳಿಗ್ಗೆ

ಬಿಚ್ಚುವ ಮೊದಲು ಕೆಲವು ವಿಷಯ ತಿಳಿಸಿ. ಬ್ರೇಕ್ ಡ್ರಮ್ಮಿನದೋ ಡಿಸ್ಕಿನದೋ? ಟ್ರೇಲರನ್ನು ಕಾರಿಗೆ ಕಟ್ಟುವ ಕೊಂಡಿ, ಅಂದರೆ ಕಪ್ಲರ್, ಹಿಂದಕ್ಕೆ ಸರಿದಾಗ ಬ್ರೇಕ್ ಹಿಡಿಯುವ ಸರ್ಜ್ ಬಗೆಯದೋ, ವಿದ್ಯುತ್ತಿನದೋ? ಟ್ರೇಲರ್ ಎಷ್ಟು ಕಾಲ ನಿಂತಿತ್ತು, ಕೊನೆಯ ಸಲ ಸಿಹಿನೀರಿಗೆ ಇಳಿದಿತ್ತೋ ಉಪ್ಪುನೀರಿಗೋ, ಇಳಿದ ಮೇಲೆ ಬ್ರೇಕುಗಳನ್ನು ತೊಳೆದಿದ್ದೀರೋ? ಚಕ್ರವನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿದರೆ ತಿರುಗುತ್ತದೆಯೋ? "ಸಾಮಾನ್ಯ ಟ್ರೇಲರ್" ಎಂಬುದೊಂದು ಇಲ್ಲ, ಸರ್.

ಪಿಯರ್‌ಲ್ಯಾಂಡ್_ಗಾಳ, ಸೋಮವಾರ ಮಧ್ಯಾಹ್ನ

ನಾನು ಕೇಳಿದ್ದು ಪರಿಹಾರ, ನೀವು ಕೇಳುತ್ತಿರುವುದು ಜಾತಕ. ಆದರೂ ಹೇಳುತ್ತೇನೆ. ಒಂದೇ ಆಕ್ಸಲ್, ಡಿಸ್ಕ್ ಬ್ರೇಕ್, ಸರ್ಜ್ ಕಪ್ಲರ್. ಹದಿನೆಂಟು ಅಡಿಯ ಫೈಬರ್ ದೋಣಿ. ಬೇರಿಂಗ್‌ಗಳನ್ನು ಹೊರಡುವ ಮುಂಚಿನ ವಾರ ನಾನೇ ಬದಲಿಸಿದ್ದೇನೆ, ಅದನ್ನು ಹೇಳಬೇಕೆಂದು ಹೊಳೆಯಲಿಲ್ಲ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬರುವುದಕ್ಕೆ ಸ್ವಲ್ಪ ಮೊದಲು ಗ್ಯಾಲ್ವೆಸ್ಟನ್ ಕೊಲ್ಲಿಯಿಂದ ತಂದು ಹಿತ್ತಲಿನ ಹುಲ್ಲಿನ ಮೇಲೆ ನಿಲ್ಲಿಸಿದವನು ಮೊನ್ನೆಯವರೆಗೂ ಹೊರಗೆ ತೆಗೆದಿರಲಿಲ್ಲ. ತೊಳೆದ ನೆನಪಿಲ್ಲ, ಆಗ ಮನೆಯ ಬೇಲಿಯದೇ ದೊಡ್ಡ ಚಿಂತೆಯಾಗಿತ್ತು. ಹೊಗೆ ಬಂದ ಮೇಲೆ ಚಕ್ರ ಎತ್ತಿ ನೋಡಿಲ್ಲ.

ಗ್ರೀಸ್‌ಡಬ್ಬಿ, ಸೋಮವಾರ ಮಧ್ಯಾಹ್ನ

ಹಾಗಾದರೆ ನೀವು ಹಾಕಿದ್ದೇ ತಪ್ಪಾಗಿದೆ. ಹೊಸ ಬೇರಿಂಗ್ ಹಾಕಿ, ಅದು ಕೂರುವ ಹೊರಗಿನ ಉಕ್ಕಿನ ಬಳೆಯನ್ನು ಹಳೆಯದನ್ನೇ ಬಿಟ್ಟಿರುತ್ತೀರಿ, ಇಲ್ಲವೇ ಆಕ್ಸಲ್ ತುದಿಯ ನಟ್ಟನ್ನು ಕಾರಿನ ನಟ್ಟಿನಂತೆ ಬಿಗಿದಿರುತ್ತೀರಿ. ಅದನ್ನು ಚಕ್ರ ತಿರುಗಿಸುತ್ತಾ ಬಿಗಿದು, ಆಮೇಲೆ ಸಡಿಲಿಸಿ, ಬೆರಳಿನಲ್ಲಿ ಹಿಡಿಯುವಷ್ಟು ಮಾತ್ರ ಮುಂದಕ್ಕೆ ತಂದು ಪಿನ್ ಹಾಕಬೇಕು. ಗ್ರೀಸ್ ಗನ್ ಸಿಕ್ಕಿತೆಂದು ತುಂಬಿದ್ದೇ ತುಂಬಿದ್ದಾದರೆ ಹಿಂದಿನ ಸೀಲ್ ಎದ್ದು ಗ್ರೀಸೆಲ್ಲ ಬ್ರೇಕ್ ಪ್ಯಾಡಿಗೆ ಬಳಿದುಕೊಳ್ಳುತ್ತದೆ. ನೀವು ನೋಡಿದ ಹೊಗೆ ಅದೇ.

ಹಳೇ_ಟ್ರ್ಯಾಲಿ, ಸೋಮವಾರ ಸಂಜೆ

ನನಗೆ ಬೇರೆ ಅನುಮಾನ. ಎರಡು ವರ್ಷದಲ್ಲಿ ಕಾರು ಬದಲಿಸಿದಿರಾ? ಡಿಸ್ಕ್ ಇರುವ ಸರ್ಜ್ ಟ್ರೇಲರ್‌ಗೆ ಐದು ತಂತಿಯ ಪ್ಲಗ್ ಇರುತ್ತದೆ. ಐದನೆಯ ನೀಲಿ ತಂತಿಗೆ ಕಾರಿನ ರಿವರ್ಸ್ ದೀಪದಿಂದ ವಿದ್ಯುತ್ ಬಂದರೆ ಒಂದು ವಾಲ್ವ್ ಮುಚ್ಚಿ, ಹಿಂದಕ್ಕೆ ನೂಕುವಾಗ ಬ್ರೇಕ್ ಹಿಡಿಯದಂತೆ ತಡೆಯುತ್ತದೆ. ನಾಲ್ಕು ತಂತಿಯ ಕಾರಿಗೆ ಸಿಕ್ಕಿಸಿದರೆ ರಿವರ್ಸಿನಲ್ಲಿ ಚಕ್ರ ಕಚ್ಚಿಕೊಳ್ಳುತ್ತದೆ. ಅಷ್ಟಕ್ಕೂ ಟೆಕ್ಸಸ್‌ನಲ್ಲಿ ಒಟ್ಟು ತೂಕ 4,500 ಪೌಂಡ್ ಮೀರಿದರಷ್ಟೇ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ನಿಮ್ಮದು ಅಷ್ಟು ತೂಗಲಾರದು, ಆದ್ದರಿಂದ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡನ್ನೂ ಬಿಚ್ಚಿ ಗುಜರಿಗೆ ಹಾಕಿ ನೆಮ್ಮದಿಯಾಗಿರಿ. ನಮ್ಮ ಮಂಡ್ಯದ ಕಡೆ ಟನ್ನುಗಟ್ಟಲೆ ಕಬ್ಬು ಹೇರಿದ ಟ್ರ್ಯಾಲಿಗೇ ಬ್ರೇಕ್ ಇರುವುದಿಲ್ಲ. ನಿಲ್ಲಿಸಿದಾಗ ಚಕ್ರಕ್ಕೊಂದು ಕಲ್ಲು ಕೊಟ್ಟರೆ ಆಯಿತು.

ಕಾನ್ರೋ_ತೆಪ್ಪ, ಸೋಮವಾರ ರಾತ್ರಿ

ಆ ಟ್ರ್ಯಾಲಿಗಳು ಐ-45ರಲ್ಲಿ ಗಂಟೆಗೆ ಅರವತ್ತು ಮೈಲಿ ಓಡುವುದಿಲ್ಲ, ಅಣ್ಣ. ಕಾನೂನು ಕೇಳದಿದ್ದರೂ ಮುಂದಿನ ಕಾರು ಗಕ್ಕನೆ ನಿಂತಾಗ ಮೂರು ಸಾವಿರ ಪೌಂಡ್ ಬೆನ್ನಿಗೆ ಬಂದು ಒದೆಯುವುದು ತಪ್ಪುವುದಿಲ್ಲ.

ಈಗ ವಿಷಯಕ್ಕೆ ಬರೋಣ. ರಿವರ್ಸ್ ವಾಲ್ವಾಗಲಿ, ಕಪ್ಲರ್ ಒಳಗೆ ಬ್ರೇಕ್ ಆಯಿಲನ್ನು ನೂಕುವ ಮಾಸ್ಟರ್ ಸಿಲಿಂಡರಾಗಲಿ ಕೆಟ್ಟಿದ್ದರೆ, ಅಥವಾ ಟ್ರೇಲರ್ ಕಳಚಿಕೊಂಡಾಗ ಬ್ರೇಕ್ ಹಿಡಿಸುವ ತುರ್ತು ಕೇಬಲ್ ಎಳೆದುಕೊಂಡು ಕಪ್ಲರ್ ಹಿಂದೆಯೇ ಉಳಿದಿದ್ದರೆ, ಎರಡು ಚಕ್ರಗಳೂ ಕಾಯಬೇಕಿತ್ತು. ಕಾದದ್ದು ಒಂದೇ ಆದ್ದರಿಂದ, ಆಯಿಲಿನ ಕೊಳವೆ ಎಡಕ್ಕೂ ಬಲಕ್ಕೂ ಕವಲೊಡೆದ ನಂತರದ ಭಾಗದಲ್ಲೇ ದೋಷವಿದೆ. ಅಲ್ಲಿ ಉಳಿಯುವುದು ಮೂರೇ: ಬಲಗಡೆಯ ರಬ್ಬರ್ ಹೋಸ್, ಕ್ಯಾಲಿಪರ್, ಗ್ರೀಸ್‌ಡಬ್ಬಿಯವರ ಬೇರಿಂಗ್.

ಪರೀಕ್ಷೆ ಸುಲಭ. ಟ್ರೇಲರನ್ನು ಕಾರಿಗೆ ಕಟ್ಟಿಯೇ ಮನೆಯ ಬೀದಿಯಲ್ಲಿ ನಾಲ್ಕಾರು ಸಲ ಬ್ರೇಕ್ ಹಾಕಿ ನಿಲ್ಲಿಸಿ. ಎಡಗಡೆಯ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಟ್ಟು, ಬಲಗಡೆ ಸ್ಪ್ರಿಂಗಿನ ಕೆಳಗೆ ಜಾಕ್ ಇಟ್ಟು ಎತ್ತಿ. ಆಕ್ಸಲ್‌ನ ನಡುವೆ ಇಡಬೇಡಿ, ಬಾಗುತ್ತದೆ. ಚಕ್ರ ಕೈಯಲ್ಲಿ ತಿರುಗದಿದ್ದರೆ ಮೊದಲು ಹೋಸಿನ ಮೇಲ್ತುದಿಯಲ್ಲಿ, ಅಂದರೆ ಉಕ್ಕಿನ ಕೊಳವೆ ಸೇರುವ ಕಡೆ, ನಟ್ಟನ್ನು ಸ್ವಲ್ಪವೇ ಸಡಿಲಿಸಿ ಚಕ್ರವನ್ನು ಮತ್ತೆ ತಿರುಗಿಸಿ ನೋಡಿ. ಆಗಲೂ ಬಿಡದಿದ್ದರೆ ಕ್ಯಾಲಿಪರ್ ಮೇಲೆ ಆಯಿಲ್ ಹೊರಬಿಡಲು ಇರುವ ಬ್ಲೀಡರ್ ತಿರುಪನ್ನು ಸಡಿಲಿಸಿ. ಮೇಲಿನದಕ್ಕೆ ಬಿಡದೆ ಬ್ಲೀಡರಿಗೆ ಬಿಟ್ಟರೆ ಹೋಸ್, ಎರಡಕ್ಕೂ ಬಿಡದಿದ್ದರೆ ತುಕ್ಕು ಹಿಡಿದ ಕ್ಯಾಲಿಪರ್. ಬ್ರೇಕ್ ಹಿಡಿಯದೆಯೂ ಚಕ್ರ ಗರಗರ ಎನ್ನುತ್ತಾ ತಿರುಗಿದರೆ ಬೇರಿಂಗ್. ಕನ್ನಡಕ ಹಾಕಿಕೊಂಡೇ ಮಾಡಿ, ಬ್ರೇಕ್ ಆಯಿಲ್ ಕಣ್ಣಿಗೆ ಸಿಡಿಯುತ್ತದೆ.

ಗ್ರೀಸ್‌ಡಬ್ಬಿ, ಸೋಮವಾರ ರಾತ್ರಿ

ಇಷ್ಟೆಲ್ಲ ಮಾಡುವ ಹೊತ್ತಿಗೆ ಬೇರಿಂಗ್ ಬದಲಿಸಿ ಊಟಕ್ಕೆ ಕೂರಬಹುದಿತ್ತು.

ಪಿಯರ್‌ಲ್ಯಾಂಡ್_ಗಾಳ, ಬುಧವಾರ ರಾತ್ರಿ

ತೆಪ್ಪ ಅವರು ಹೇಳಿದಂತೆಯೇ ಮಾಡಿದೆ. ಚಕ್ರ ಗೋಡೆಗೆ ಹೊಡೆದ ಮೊಳೆಯಂತೆ ಅಲುಗಲಿಲ್ಲ. ಮೇಲ್ತುದಿಯ ನಟ್ ಸಡಿಲಿಸಿದಾಗ ನಾಲ್ಕು ಹನಿ ಆಯಿಲ್ ಬಂತು, ಚಕ್ರ ಮಾತ್ರ ಹಾಗೆಯೇ ಇತ್ತು. ಬ್ಲೀಡರನ್ನು ಕಾಲು ಸುತ್ತು ತಿರುಗಿಸಿದ್ದೇ ತಡ, ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್ ಪಿಚಕಾರಿಯಂತೆ ಹಾರಿತು, ಒಳಗೆ ಟಕ್ ಎಂದಿತು, ಚಕ್ರ ತಾನಾಗಿಯೇ ಅರ್ಧ ಸುತ್ತು ತಿರುಗಿತು. ಹೋಸನ್ನು ಬಿಚ್ಚಿ ಒಂದು ತುದಿಯಿಂದ ಊದಿದರೆ ಗಾಳಿ ಆಚೆ ಹೋಗಲಿಲ್ಲ. ಹೊರಗಿನಿಂದ ನೋಡಿದರೆ ಅದರಲ್ಲಿ ಒಂದು ಬಿರುಕೂ ಇಲ್ಲ. ಹೊರಗೆ ಇಷ್ಟು ಚೆನ್ನಾಗಿರುವ ಹೋಸ್ ಹೀಗೇಕೆ ಮಾಡುತ್ತದೆ?

ಕಾನ್ರೋ_ತೆಪ್ಪ, ಗುರುವಾರ ಬೆಳಿಗ್ಗೆ

ಹೋಸಿನ ಒಳಪದರ ಹಳೆಯದಾದಾಗ ಉಬ್ಬಿ ದಾರಿಯನ್ನೇ ಮುಚ್ಚುತ್ತದೆ. ಕಪ್ಲರ್ ನೂಕುವಾಗ ಒತ್ತಡ ಬಲವಾಗಿರುವುದರಿಂದ ಆಯಿಲ್ ಅದನ್ನು ಸರಿಸಿಕೊಂಡು ಕ್ಯಾಲಿಪರ್ ಸೇರುತ್ತದೆ, ಆದರೆ ವಾಪಸು ಬರುವುದಕ್ಕೆ ಅಂಥ ಬಲ ಇರುವುದಿಲ್ಲ. ಹಾಗಾಗಿ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಚಕ್ರ ಇನ್ನಷ್ಟು ಬಿಗಿಯುತ್ತದೆ. ಅದು ಕಾದು ಆಯಿಲ್ ಹಿಗ್ಗಿದರೆ ಮತ್ತಷ್ಟು. ಎಡಗಡೆಯದಕ್ಕೂ ಅಷ್ಟೇ ವಯಸ್ಸು, ಆದ್ದರಿಂದ ಎರಡನ್ನೂ ಬದಲಿಸಿ. ಪ್ಯಾಡುಗಳ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅವೂ ಹೋದ ಹಾಗೆಯೇ. ಅಷ್ಟು ಕಾದ ಮೇಲೆ ಕ್ಯಾಲಿಪರಿನ ರಬ್ಬರ್ ಸೀಲನ್ನು ನಂಬುವಂತಿಲ್ಲ.

ಆಯಿಲ್ ಪೂರ್ತಿ ಹೊಸದಾಗಬೇಕು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕಾದದ್ದು ನೀರು ಸೇರಿದ ಮೇಲೆ 140ರಲ್ಲೇ ಕುದಿಯಬಹುದು, ಒಳಗಿನ ಲೋಹಕ್ಕೆ ತುಕ್ಕನ್ನೂ ಹಿಡಿಸುತ್ತದೆ. ಕೊಳವೆಯೊಳಗಿನ ಗಾಳಿ ತೆಗೆಯುವಾಗ ಕಪ್ಲರ್ ಮೇಲಿನ ಆಯಿಲ್ ಡಬ್ಬಿ ಒಮ್ಮೆಯೂ ಬರಿದಾಗದಂತೆ ನೋಡಿಕೊಳ್ಳಿ. ಅಂದ ಹಾಗೆ, ಆ ಕಾದ ಚಕ್ರದಲ್ಲೇ ದೋಣಿಯನ್ನು ನೀರಿಗೆ ಇಳಿಸಿದಿರಾ?

ಪಿಯರ್‌ಲ್ಯಾಂಡ್_ಗಾಳ, ಗುರುವಾರ ಮಧ್ಯಾಹ್ನ

ಹೌದು, ಕೊಲ್ಲಿಯೊಳಕ್ಕೆ ಚಾಚಿದ ಒಡ್ಡು ಇದೆಯಲ್ಲ, ಆ ಟೆಕ್ಸಸ್ ಸಿಟಿ ಡೈಕ್‌ನಲ್ಲಿ ಇಳಿಸಿದೆ. ಅಷ್ಟು ದೂರ ಹೋಗಿ ಮೀನು ಹಿಡಿಯದೆ ಹಿಂತಿರುಗುವುದಕ್ಕೆ ಮಗ ಒಪ್ಪಲಿಲ್ಲ. ಚಕ್ರ ನೀರು ಮುಟ್ಟಿದಾಗ ಒಗ್ಗರಣೆ ಹಾಕಿದಂತೆ ಚುಂಯ್ ಎಂದಿತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಾನ್ರೋ_ತೆಪ್ಪ, ಗುರುವಾರ ಸಂಜೆ

ಕಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹಬ್ ಬಿಚ್ಚಿ ಗ್ರೀಸಿನ ಬಣ್ಣ ಹೇಗಿದೆಯೆಂದು ಹೇಳಿ.

ಪಿಯರ್‌ಲ್ಯಾಂಡ್_ಗಾಳ, ಶನಿವಾರ ಮಧ್ಯಾಹ್ನ

ಹೊಸದಾಗಿ ತುಂಬಿದ್ದ ಕೆಂಪು ಗ್ರೀಸ್ ಬಲಗಡೆಯ ಹಬ್‌ನಲ್ಲಿ ಮಜ್ಜಿಗೆ ಬೆರೆಸಿದಂತೆ ಬೆಳ್ಳಗಾಗಿದೆ. ಎಡಗಡೆಯದು ಹಾಕಿದ ಹಾಗೆಯೇ ಇದೆ.

ಗ್ರೀಸ್‌ಡಬ್ಬಿ, ಶನಿವಾರ ಮಧ್ಯಾಹ್ನ

ಮೊದಲ ದಿನವೇ ಬೇರಿಂಗ್ ಎಂದು ಹೇಳಿದ್ದೆ. ಯಾರಾದರೂ ಕೇಳಿದರೆ ತಾನೇ.

ಕಾನ್ರೋ_ತೆಪ್ಪ, ಶನಿವಾರ ಸಂಜೆ

ಬೇರಿಂಗ್ ಕೆಟ್ಟದ್ದರಿಂದ ಚಕ್ರ ಕಾದದ್ದಲ್ಲ, ಚಕ್ರ ಕಾದದ್ದರಿಂದ ಬೇರಿಂಗಿಗೆ ನೀರು ನುಗ್ಗಿದ್ದು. ನೀವು ಹೇಳಿದಂತೆ ಅದನ್ನೇ ಬದಲಿಸಿ ಸುಮ್ಮನಾಗಿದ್ದರೆ ಮುಂದಿನ ವಾರವೂ ಅದೇ ಹೊಗೆ ಬರುತ್ತಿತ್ತು. ಆದರೂ ಬೇರಿಂಗ್ ತೊಳೆದು, ಮೇಲ್ಮೈ ನೋಡಿ, ಹೊಸ ಸೀಲಿನೊಂದಿಗೆ ಮತ್ತೆ ಗ್ರೀಸ್ ತುಂಬಲೇಬೇಕು ಎಂಬುದನ್ನು ಒಪ್ಪುತ್ತೇನೆ.

ಟೈರ್ "ಹೊಸದರಂತಿವೆ" ಎಂದಿದ್ದಿರಿ. ಯಾವ ವರ್ಷದವು?

ಪಿಯರ್‌ಲ್ಯಾಂಡ್_ಗಾಳ, ಶನಿವಾರ ರಾತ್ರಿ

ಎಸ್‌ಟಿ205/75ಆರ್14, ಲೋಡ್ ರೇಂಜ್, ಅಂದರೆ ಹೊರೆ ಹೊರುವ ದರ್ಜೆ, ಸಿ. ನೆಲ ಮುಟ್ಟುವ ಕಡೆಯ ಗುಂಡಿಗಳೆಲ್ಲ ಆಳವಾಗಿಯೇ ಇವೆ, ಬದಿಯಲ್ಲಿ ಕೂದಲೆಳೆಯಂಥ ಗೆರೆಗಳಿವೆ ಅಷ್ಟೇ. ವರ್ಷ ಎಲ್ಲಿಯೂ ಬರೆದಿಲ್ಲ. ಬಿಸಿಲಿಗೆ ಒಡೆಯದಿರಲೆಂದು ಗಾಳಿಯನ್ನು 35ಕ್ಕೆ ಇಳಿಸಿದ್ದೇನೆ.

ಹಳೇ_ಟ್ರ್ಯಾಲಿ, ಭಾನುವಾರ ಬೆಳಿಗ್ಗೆ

35 ಸರಿಯಾಗಿದೆ. ಹ್ಯೂಸ್ಟನ್ ಸೆಕೆಯಲ್ಲಿ ಒತ್ತಡ ತಾನಾಗಿಯೇ ಏರುತ್ತದೆ.

ಕಾನ್ರೋ_ತೆಪ್ಪ, ಭಾನುವಾರ ಬೆಳಿಗ್ಗೆ

ದಯವಿಟ್ಟು ಈ ಮಾತು ಕೇಳಬೇಡಿ. ಆ ಅಳತೆಯ ಸಿ ಟೈರ್ ತಲಾ 1,760 ಪೌಂಡ್ ಹೊರುವುದು ತಣ್ಣಗಿರುವಾಗ 50 ಪಿಎಸ್‌ಐ ತುಂಬಿದ್ದರೆ ಮಾತ್ರ. ಗಾಳಿ ಕಡಿಮೆಯಾದರೆ ಬದಿಯ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಇನ್ನಷ್ಟು ಕಾಯುತ್ತದೆ. ಟ್ರೇಲರ್ ಟೈರುಗಳು ಹೆದ್ದಾರಿಯಲ್ಲಿ ಸಿಡಿಯುವುದಕ್ಕೆ ಅದೊಂದು ದೊಡ್ಡ ಕಾರಣ. ಓಡಿದಾಗ ಏರುವ ಒತ್ತಡವನ್ನು ತಯಾರಕರು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ. ಇನ್ನು ಗುಂಡಿಯ ಆಳ ನೋಡಿ ಟೈರಿನ ಆಯಸ್ಸು ಅಳೆಯುವುದು ಕಾರಿಗೆ ಸರಿ, ವರ್ಷಕ್ಕೆ ಮೂರು ಸಲ ಹೊರಡುವ ಟ್ರೇಲರ್‌ಗೆ ಅಲ್ಲ. ರಬ್ಬರಿನಲ್ಲಿ ಬೆರೆಸಿದ ಮೇಣ ಟೈರ್ ಉರುಳಿ ಬಳುಕಿದಾಗ ಹೊರಗೆ ಬಂದು ಅದನ್ನು ಕಾಯುತ್ತದೆ, ನಿಂತ ಟೈರಿಗೆ ಆ ರಕ್ಷೆ ಇಲ್ಲ. ಐದಾರು ವರ್ಷವಾದರೆ ನಾನು ಮುಖ ನೋಡದೆ ಬದಲಿಸುತ್ತೇನೆ.

ಟೈರಿನ ಬದಿಯಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಯಲ್ಲಿರುವ ನಾಲ್ಕು ಅಂಕಿ ಹುಡುಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅದು ಟೈರಿನ ಒಂದೇ ಬದಿಯಲ್ಲಿರುತ್ತದೆ, ಆದ್ದರಿಂದ ಟ್ರೇಲರ್ ಕೆಳಗೆ ತೂರಿ ಒಳಮುಖ ನೋಡಿ.

ಪಿಯರ್‌ಲ್ಯಾಂಡ್_ಗಾಳ, ಭಾನುವಾರ ಸಂಜೆ

ಟಾರ್ಚ್ ಹಿಡಿದು ಮಲಗಿ ನೋಡಿದೆ. ಎರಡೂ ಕಡೆ 3117, ಅಂದರೆ 2017ರ ಮೂವತ್ತೊಂದನೆಯ ವಾರ. ಒಳಮುಖದ ಬಿರುಕುಗಳಲ್ಲಿ ಉಗುರಿನ ತುದಿ ಹೋಗುತ್ತದೆ. ಹೋಸ್, ಪ್ಯಾಡ್, ಬಲಗಡೆಯ ಕ್ಯಾಲಿಪರ್, ಸೀಲ್ ಎಲ್ಲವನ್ನೂ ತರಿಸಿ ಹಾಕಿದ್ದೇನೆ. ಆಯಿಲ್ ಜೇನಿನ ಬಣ್ಣಕ್ಕೆ ತಿರುಗುವವರೆಗೂ ಹರಿಸಿದೆ. ಬೀದಿಯಲ್ಲಿ ಹತ್ತು ಸಲ ಬ್ರೇಕ್ ಹಾಕಿ ಮುಟ್ಟಿ ನೋಡಿದರೆ ಎರಡು ಚಕ್ರಗಳೂ ಒಂದೇ ಹದದಲ್ಲಿ ಬೆಚ್ಚಗಿವೆ. ಹೆಚ್ಚುವರಿ ಚಕ್ರದ ಹೊದಿಕೆಯನ್ನೂ ಈಗಷ್ಟೇ ಬಿಚ್ಚಿದೆ, ಅದೂ 3117. ಮೂರು ಟೈರ್ ಕೊಳ್ಳಬೇಕೆಂಬ ವಿಷಯವನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.