ಬೈಪಾಸ್‌ಗೆ ಕೈ ನಾಳ ತೆಗೆದರೆ ಅಪ್ಪ ಮತ್ತೆ ಕಟಿಂಗ್ ಮಾಡಬಹುದಾ?

ಕೌಲ್‌ಬಜಾರ್ ಹುಡುಗ:
ನಮ್ಮಪ್ಪನಿಗೆ 58. ಇಲ್ಲೇ ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್. ಹೃದಯದ ನಾಳಗಳಲ್ಲಿ ಮೂರು ಬ್ಲಾಕ್ ಇವೆ, ಬೇರೆ ನಾಳ ಹೊಲಿದು ರಕ್ತಕ್ಕೆ ಹೊಸ ದಾರಿ ಮಾಡೋ ಬೈಪಾಸ್ ಆಗಲೇಬೇಕಂತೆ. ಎದೆಯಿಂದ ಒಂದು, ಎಡಗೈಯಿಂದ ಒಂದು, ಕಾಲಿಂದ ಒಂದು ನಾಳ ತೆಗೀತೀವಿ ಅಂದರು ಡಾಕ್ಟರು. ಅಪ್ಪನದು ಒಂದೇ ಹಟ, "ಬೇಕಾದರೆ ಕಾಲಿಂದಲೇ ಎಲ್ಲಾ ತಗೊಳ್ಳಲಿ, ಕೈ ಮುಟ್ಟೋದು ಬೇಡ." ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿದೇ ಮಷಿನ್ ಓಡಿಸಬೇಕಲ್ವಾ. ಕಾಲಿಗೂ ಕೈಗೂ ಅಷ್ಟು ವ್ಯತ್ಯಾಸ ಇದೆಯಾ?

ರಿಟೈರ್ಡ್ ಓಟಿ ಸಿಸ್ಟರ್:
ಇದೆ ತಮ್ಮಾ. ಎದೆಯ ಎಡನಾಳದ ಬಗ್ಗೆ ಚರ್ಚೆಯೇ ಬೇಡ. ಅದರ ಮೇಲ್ತುದಿಯನ್ನು ಸಾಮಾನ್ಯವಾಗಿ ಕತ್ತರಿಸುವುದೇ ಇಲ್ಲ, ಕೆಳತುದಿಯನ್ನು ಬಿಡಿಸಿ ಹೃದಯದ ಮುಂದಿನ ನಾಳಕ್ಕೆ ಹೊಲಿಯುತ್ತಾರೆ. ಹತ್ತು ವರ್ಷವಾದರೂ ನೂರಕ್ಕೆ ತೊಂಬತ್ತು ಚೆನ್ನಾಗಿಯೇ ಹರಿಯುತ್ತಿರುತ್ತವೆ. ಕಾಲಿನದು ವೇನ್, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರೋ ನಾಳ. ಹೃದಯದಿಂದ ರಕ್ತ ಒಯ್ಯೋ ಆರ್ಟರಿಯ ಒತ್ತಡ ತಡೆಯೋ ಗೋಡೆ ಅದಕ್ಕಿಲ್ಲ. ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿರುತ್ತವೆ ಅನ್ನೋದು ಹಳೇ ಲೆಕ್ಕ. ಕೈಯದು ಆರ್ಟರಿ, ಕಾಲಿನದಕ್ಕಿಂತ ಜಾಸ್ತಿ ಬಾಳುತ್ತದೆ.

ಆದರೆ ಅದು ಸ್ವಲ್ಪ ಮುಂಗೋಪಿ, ಮುಟ್ಟಿದರೆ ಬಿಗಿದುಕೊಳ್ಳುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನ ಸರ್ಜನ್ ಕಾರ್ಪೆಂಟಿಯರ್ ಕೈನಾಳ ಬಳಸೋದು ಶುರು ಮಾಡಿ, ನಾಳಗಳು ಮುಚ್ಚಿಕೊಳ್ಳುತ್ತಿವೆ ಅಂತ ಕೈಬಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ಮತ್ತೆ ಬಂತು. ಬಿಗಿತ ತಡೆಯೋಕೆ ಈಗ ಡಿಲ್ಟಿಯಾಜೆಮ್ ಥರದ ಮಾತ್ರೆ ಕೊಡುತ್ತಾರೆ. ಇನ್ನೊಂದು ವಿಷಯ, ಬ್ಲಾಕ್ ತುಂಬಾ ಜಾಸ್ತಿ ಇರೋ ಕಡೆಗೇ ಇದನ್ನು ಹಾಕಬೇಕು. ಹಳೇ ದಾರಿಯಲ್ಲೇ ರಕ್ತ ಚೆನ್ನಾಗಿ ಹೋಗುತ್ತಿದ್ದರೆ ಹೊಸ ನಾಳ ಸೊರಗಿಹೋಗುತ್ತದೆ.

ಕೈಯನ್ನು ಪರೀಕ್ಷೆ ಮಾಡದೆ ಯಾರೂ ಮುಟ್ಟಲ್ಲ. ಮುಷ್ಟಿ ಬಿಗಿಸಿ, ಮಣಿಕಟ್ಟಿನ ಎರಡೂ ನಾಳ ಒತ್ತಿ ಹಿಡಿಯುತ್ತಾರೆ. ಮುಷ್ಟಿ ಬಿಚ್ಚಿದರೆ ಅಂಗೈ ಬೆಳ್ಳಗಿರುತ್ತದೆ. ಕಿರುಬೆರಳ ಕಡೆಯದನ್ನು ಮಾತ್ರ ಬಿಟ್ಟಾಗ ಕೆಲವೇ ಸೆಕೆಂಡಲ್ಲಿ ಕೆಂಪಾದರೆ, ಆ ಒಂದೇ ನಾಳ ಇಡೀ ಕೈಗೆ ಸಾಕು ಅಂತ ಅರ್ಥ. ಬ್ಲಾಕ್ ನೋಡೋಕೆ ನಾಳದೊಳಗೆ ಸಣ್ಣ ಕೊಳವೆ ಹಾಕೋ ಆಂಜಿಯೋ ಯಾವ ಕೈಯಲ್ಲಿ ಮಾಡಿದ್ದರು?

ಗಂಗಾವತಿ ಮಿಲ್ ರೈಟರ್:
ನನಗೆ ಎಡಗೈಯದೇ ತೆಗೆದಿದ್ದು. ಹೆಬ್ಬೆರಳ ಬುಡದಲ್ಲಿ ಕೆಲವು ತಿಂಗಳು ಜೋಮು ಇತ್ತು, ಶರ್ಟಿನ ಗುಂಡಿ ಹಾಕುವಾಗ ಕಿರಿಕಿರಿ. ಹಿಡಿತ ಏನೂ ಕಡಿಮೆ ಆಗಿಲ್ಲ, ಲೆಡ್ಜರ್ ಎತ್ತಿ ಇಡುತ್ತೇನೆ. ನಿಜ ಹೇಳಬೇಕಂದರೆ ಕಾಟ ಕೊಟ್ಟಿದ್ದು ಕಾಲಿನ ಗಾಯ. ಬಾವು ಇಳಿಯೋ ಹೊತ್ತಿಗೆ ಸಾಕಾಗಿಹೋಯ್ತು!

ಕೌಲ್‌ಬಜಾರ್ ಹುಡುಗ:
ಆಂಜಿಯೋ ಬಲಗೈಯಲ್ಲಿ, ಸಿಸ್ಟರ್. ಎದೆಯ ಬಲಗಡೆನೂ ಒಂದು ನಾಳ ಇದೆಯಂತಲ್ಲ, ಅದನ್ನೇ ತಗೊಂಡರೆ? ಅಪ್ಪನಿಗೆ ಶುಗರ್ ಇದೆ.

ರಿಟೈರ್ಡ್ ಓಟಿ ಸಿಸ್ಟರ್:
ಹಾಗಾದರೆ ಡಾಕ್ಟರು ಎಡಗೈ ಕೇಳಿದ್ದು ಸರಿಯಾಗಿದೆ. ಆಂಜಿಯೋ ಆದ ನಾಳಕ್ಕೆ ಒಳಗೆ ಪೆಟ್ಟಾಗಿರುತ್ತದೆ. ಶುಗರ್ ಇದ್ದವರಿಗೆ ಎದೆಯ ಎರಡೂ ಕಡೆಯದು ತೆಗೆದರೆ ಎದೆಮೂಳೆ ಕೂಡೋದು ಕಷ್ಟ, ಸೋಂಕಿನ ಭಯ ಜಾಸ್ತಿ. 2019ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲೂ, ಎರಡೂ ಹಾಕಿಸಿಕೊಂಡವರು ಹತ್ತು ವರ್ಷಕ್ಕೆ ಹೆಚ್ಚು ಬದುಕಿದರು ಅಂತ ಸಾಬೀತಾಗಲಿಲ್ಲ. ನೀನು ಕಿಡ್ನಿ ಹೇಗಿದೆ ಅಂತ ತಿಳಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ ಒಂದು ಮಾತು ಕೇಳು. ಕಿಡ್ನಿ ಹಾಳಾಗುವ ಲಕ್ಷಣ ಇದ್ದರೆ ಮುಂದೆ ಡಯಾಲಿಸಿಸ್‌ಗೆ ಆ ಕೈ ನಾಳ ಬೇಕಾಗುತ್ತದೆ, ಆಗ ಅಪ್ಪನ ಹಟವೇ ಗೆಲ್ಲಲಿ. ಇಲ್ಲದಿದ್ದರೆ ಕೈ ಕೊಡಲು ಒಪ್ಪಿಸು.